ಬಾಂಗ್ಲಾದೇಶ 2024: ಸತ್ತವರು 834 ಜನರೋ, 1,400 ಜನರೋ?

ರಾತ್ರಿಪಾಳಿ:
ಒಂದು ಅನುಮಾನ. 2024ರ ಜುಲೈ-ಆಗಸ್ಟ್‌ನಲ್ಲಿ ವಿದ್ಯಾರ್ಥಿಗಳ ಪ್ರತಿಭಟನೆಯ ಗಲಾಟೆಯಲ್ಲಿ ಸತ್ತವರು ಅಂತ ಬಾಂಗ್ಲಾದೇಶದ ಸರ್ಕಾರ 2025ರ ಜನವರಿಯಲ್ಲಿ ಗೆಜೆಟ್‌ನಲ್ಲಿ ಹಾಕಿದ ಪಟ್ಟಿಯಲ್ಲಿ 834 ಹೆಸರಿದ್ದವು. ಮುಂದಿನ ತಿಂಗಳೇ ಬಂದ ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ವರದಿ ನೋಡಿದರೆ 1,400 ಜನರವರೆಗೆ ಸತ್ತಿರಬಹುದು ಅನ್ನುತ್ತದೆ. ಗೆಜೆಟ್ ಹೊರಡಿಸಿದ್ದು ಪ್ರಧಾನಿ ಹಸೀನಾ ದೇಶ ಬಿಟ್ಟು ಓಡಿಹೋದ ಮೇಲೆ ಬಂದ ಯೂನುಸ್ ಅವರ ಮಧ್ಯಂತರ ಸರ್ಕಾರ. ಅವರಿಗೆ ಸಂಖ್ಯೆ ಮುಚ್ಚಿಡುವ ದರ್ದು ಏನಿದೆ? ಇಷ್ಟು ವ್ಯತ್ಯಾಸ ಹೇಗೆ?

ಅಂಚೆಪೆಟ್ಟಿಗೆ:
ಎರಡೂ ಬೇರೆ ಬೇರೆ ಲೆಕ್ಕ. ಗೆಜೆಟ್‌ನಲ್ಲಿ ಇರುವುದು ಹೆಸರು, ಅಪ್ಪನ ಹೆಸರು, ವಿಳಾಸ ಸಿಕ್ಕವರು ಮಾತ್ರ. ವಿಶ್ವಸಂಸ್ಥೆಯದು ಜುಲೈ 1ರಿಂದ ಆಗಸ್ಟ್ 15ರವರೆಗೆ ಈ ಗಲಾಟೆಯಲ್ಲಿ ಆದ ಸಾವುಗಳ ಅಂದಾಜು. ಅದರಲ್ಲಿ ನೂರಕ್ಕೆ 12-13 ಮಕ್ಕಳು. ನಾರಾಯಣಗಂಜ್‌ನಲ್ಲಿ ಮನೆಯ ತಾರಸಿಯಿಂದ ಗಲಾಟೆ ನೋಡುತ್ತಿದ್ದ ಆರು ವರ್ಷದ ಹುಡುಗಿಯ ತಲೆಗೇ ಗುಂಡು ಬಿದ್ದಿತ್ತು. ಜುಲೈ 18ರ ರಾತ್ರಿಯಿಂದ ಐದು ದಿನ ಇಂಟರ್ನೆಟ್ ಪೂರ್ತಿ ಬಂದ್, ಆಸ್ಪತ್ರೆಗಳಲ್ಲಿ ಪೊಲೀಸರು ಡಾಕ್ಟರುಗಳನ್ನು ಹೆದರಿಸಿ ಸಿಸಿಟಿವಿ ದೃಶ್ಯ ಎತ್ತಿಕೊಂಡು ಹೋಗುತ್ತಿದ್ದರು, ಗುರುತು ಸಿಗದ ಎಷ್ಟೋ ಹೆಣಗಳನ್ನು ಢಾಕಾದ ರಾಯೇರ್ ಬಜಾರ್ ಖಬರಸ್ತಾನದಲ್ಲಿ ಹೂಳಿಬಿಟ್ಟರು. ಅಂಥವರ ಹೆಸರನ್ನು ಯಾರು ಬರೆಸುತ್ತಾರೆ?

ಕಾಫಿತೋಟ:
ಜಿನೀವಾದ ಆ ವಿಶ್ವಸಂಸ್ಥೆ ಕಚೇರಿಯವರ ವರದಿ ಬಿಡಿ ಸಾರ್. ಕರೆಸಿದ್ದೇ ಯೂನುಸ್ ಸರ್ಕಾರ, ಅವರಿಗೆ ಬೇಕಾದ್ದು ಬರೆದಿರುತ್ತಾರೆ. ಪೊಲೀಸರನ್ನು ಬಡಿದು ಕೊಂದದ್ದು, ಹಿಂದೂಗಳ ಮನೆ ಸುಟ್ಟಿದ್ದು ಅದರಲ್ಲಿ ಇದೆಯಾ?

ಅಂಚೆಪೆಟ್ಟಿಗೆ:
ಇದೆ ಸಾರ್. ಸತ್ತ ಪೊಲೀಸರು 44 ಅಂತ ಇಲಾಖೆ ಕೊಟ್ಟ ಲೆಕ್ಕವೂ ಇದೆ, ಹಿಂದೂಗಳು, ಅಹ್ಮದೀಯ ಪಂಥದ ಮುಸ್ಲಿಮರು, ಹಸೀನಾ ಪಕ್ಷವಾದ ಅವಾಮಿ ಲೀಗ್‌ನವರ ಮೇಲೆ ಆದ ದಾಳಿಗಳೂ ಇವೆ. ಸುಮ್ನೆ ತಲೆಬರಹ ಓದಿ ಬಿಟ್ಟರೆ ಕಾಣುವುದಿಲ್ಲ. ಕರೆಸಿದವರು ಯಾರು ಅಂತ ಕೇಳಿದ್ದು ಸರಿಯೇ. ಆದರೆ ಜಿನೀವಾದಲ್ಲಿ ಕೂತು ಬರೆದದ್ದಲ್ಲ, ತಂಡ ಅಲ್ಲಿಗೇ ಹೋಗಿ 230ಕ್ಕೂ ಜಾಸ್ತಿ ಜನರನ್ನು ಗುಟ್ಟಾಗಿ ಮಾತಾಡಿಸಿದೆ. ರಂಗ್‌ಪುರದ ಅಬು ಸಯೀದ್ ಕೇಸು ನೋಡಿ. ಪೊಲೀಸರ ಎದುರು ಎರಡೂ ಕೈ ಚಾಚಿ ನಿಂತಿದ್ದಾಗ ಗುಂಡೇಟು ತಿಂದು ಸತ್ತ ವಿದ್ಯಾರ್ಥಿ, ವಿಡಿಯೋ ನೀವೂ ನೋಡಿರುತ್ತೀರಿ. ಪೊಲೀಸರ ಎಫ್‌ಐಆರ್‌ನಲ್ಲಿ ಪ್ರತಿಭಟನಕಾರರದೇ ಇಟ್ಟಿಗೆ, ಗುಂಡಿನಿಂದ ಸತ್ತ ಅನ್ನುವ ಕಥೆ. ತಂಡ ವಿಡಿಯೋ ಮತ್ತು ಗಾಯದ ಫೋಟೋ ಹೊಂದಿಸಿ ನೋಡಿ, ಸುಮಾರು 14 ಮೀಟರ್ ದೂರದಿಂದ ಕಡಿಮೆಯೆಂದರೂ ಎರಡು ಸಲ ಶಾಟ್‌ಗನ್‌ನಲ್ಲಿ ಹೊಡೆದ ಗಾಯಗಳು ಅಂತ ಹೇಳಿತು.

ಕಾಫಿತೋಟ:
44ರ ವಿಷಯ ಗೊತ್ತಿರಲಿಲ್ಲ. ಓದುತ್ತೇನೆ. ಆದರೂ 1,400 ಅಂದಾಜೇ ಅಲ್ವಾ.

ಅಂಚೆಪೆಟ್ಟಿಗೆ:
ಅಂದಾಜೇ. ಅವರೂ 'ಇರಬಹುದು' ಅಂತಲೇ ಬರೆದಿದ್ದಾರೆ. ಅದನ್ನು ಕೋರ್ಟಿನ ತೀರ್ಪಿನ ಹಾಗೆ ಹಂಚುವವರು ನಾವು.

ಮಲ್ಲಿಗೆಹಂಬು:
ಬಾಂಗ್ಲಾ ವಿಷಯ ನನಗೆ ಅಷ್ಟು ಗೊತ್ತಿಲ್ಲ, ಆಸ್ಪತ್ರೆ ಕಾಗದದ ವಿಷಯ ಗೊತ್ತು. ನಮ್ಮ ಸೋದರಮಾವ ಒಂದು ಪ್ರತಿಭಟನೆಯಲ್ಲಿ ಲಾಠಿ ಏಟು ತಿಂದಾಗ ಚೀಟಿಯಲ್ಲಿ 'ಬಿದ್ದು ಪೆಟ್ಟು' ಅಂತ ಬರೆದುಕೊಟ್ಟಿದ್ದರು. ಬೆನ್ನ ಮೇಲೆ ನಾಲ್ಕು ಬಾಸುಂಡೆ, ಸ್ಕೇಲ್ ಇಟ್ಟು ಗೆರೆ ಎಳೆದ ಹಾಗೆ. ಬಿದ್ದರೆ ಹಾಗೆ ಬರುತ್ತದಾ? ಫೋಟೋ ತೆಗೆಯಬೇಕಿತ್ತು ಅಂತ ನಮಗೆ ಹೊಳೆಯುವಷ್ಟರಲ್ಲಿ ಹನ್ನೆರಡು ದಿನ ಆಗಿ ಎಲ್ಲ ಮಾಸಿತ್ತು. ಅವರು ಯಾವ ಲೆಕ್ಕಕ್ಕೂ ಸೇರಲಿಲ್ಲ.

ರಾತ್ರಿಪಾಳಿ:
ಆ ಚೀಟಿ ಇನ್ನೂ ಇದೆಯಾ ಅಕ್ಕ?

ಮಲ್ಲಿಗೆಹಂಬು:
ಇದೆ. ಲ್ಯಾಮಿನೇಷನ್ ಮಾಡಿಸಿ ಬೀರುವಿನಲ್ಲಿ ಇಟ್ಟಿದ್ದಾರೆ.