ಸಸ್ಕ್ವೆಹಾನ್ನಾ ನದಿಯಲ್ಲಿ ಸ್ಮಾಲ್‌ಮೌತ್ ಬಾಸ್: ಯಾವ ರಾಡ್, ಯಾವ ಗಾಳ?

ಪ್ರಶ್ನೆ: ಪೆನ್ಸಿಲ್ವೇನಿಯಾದ ಹ್ಯಾರಿಸ್‌ಬರ್ಗ್ ಹತ್ತಿರ ಇದ್ದೇನೆ. ಊರಲ್ಲಿ ಎರೆಹುಳ ಸಿಕ್ಕಿಸಿ ಗಾಳ ಹಾಕಿದ ಅಭ್ಯಾಸ ಅಷ್ಟೇ. ಈ ಬೇಸಿಗೆಯಲ್ಲಿ ಮೊಣಕಾಲುದ್ದ ನೀರಲ್ಲಿ ನಿಂತು ಸ್ಮಾಲ್‌ಮೌತ್ ಮೀನು ಹಿಡಿಯುವ ಆಸೆ. ಏನೇನು ತಗೊಳ್ಳಲಿ?

ಉತ್ತರ 1: 7 ಅಡಿಯ ಮೀಡಿಯಂ ಸ್ಪಿನ್ನಿಂಗ್ ರಾಡ್, 2500 ಸೈಜಿನ ರೀಲ್ ಸಾಕು ಸರ್. 10 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ದಾರ) ಸುತ್ತಿ, ತುದಿಗೆ 8 ಪೌಂಡಿನ ಫ್ಲೋರೋಕಾರ್ಬನ್ ದಾರ (ನೀರಲ್ಲಿ ಸುಲಭಕ್ಕೆ ಕಾಣದ್ದು) ಒಂದು ಮಾರು ಕಟ್ಟಿ. ಈ ಮೀನಿಗೆ ಕ್ರೇಫಿಶ್ (ಸೀಗಡಿಯಂಥ ಸಿಹಿನೀರಿನ ಜೀವಿ) ಅಂದ್ರೆ ಪ್ರಾಣ, ಹಾಗಾಗಿ ಅದರ ಹಾಗೇ ಕಾಣುವ ಕಂದು-ಹಸಿರು ಟ್ಯೂಬ್ (ಮೆತ್ತನೆಯ ಪ್ಲಾಸ್ಟಿಕ್ ಹುಸಿ ಎರೆ) ಇರಲೇಬೇಕು. ಬಂಡೆಗೆ ಪದೇ ಪದೇ ಸಿಕ್ಕಿಕೊಂಡರೆ ಜಿಗ್ (ಟ್ಯೂಬಿಗೆ ಸೇರಿಸುವ, ತೂಕದ ತಲೆಯಿರುವ ಗಾಳ) ತೂಕ 1/8 ಔನ್ಸ್‌ಗೆ ಇಳಿಸಿ.

ಉತ್ತರ 2: ಗಾಳಕ್ಕಿಂತ ಜಾಗ ಮುಖ್ಯ. ಬಂಡೆ ಹಿಂದೆ ನೀರು ನಿಧಾನ ಆಗುತ್ತದಲ್ವಾ, ಮೀನು ಅಲ್ಲೇ ಸೆಳವಿಗೆ ಮುಖ ಮಾಡಿ ಕಾಯುತ್ತಿರುತ್ತದೆ. ಅದರ ತಲೆ ಮೇಲೆ ಎಸೆಯಬೇಡಿ, ಸ್ವಲ್ಪ ಮೇಲಕ್ಕೆ, ನೀರು ಹರಿದು ಬರುವ ಕಡೆಗೆ ಎಸೆದು ನೀರೇ ಹೊತ್ತು ತರಲಿ ಅಂತ ಬಿಡಿ, ದಾರ ಮಾತ್ರ ತೀರಾ ಸಡಿಲ ಆಗಬಾರದು, ಯಾಕಂದ್ರೆ ಎಷ್ಟೋ ಸಲ ಕಚ್ಚಿದ್ದು ಬರೀ ಒಂದು ಟಕ್ ಅಂತ ಗೊತ್ತಾಗುತ್ತದೆ. ಬೆಳಗಿನ ಜಾವ ಪಾಪರ್ (ನೀರಿನ ಮೇಲೆ ತೇಲುವ ಹುಸಿ ಎರೆ) ಹಾಕಿ ನೋಡಿ, ತುಂಬಾ ಖುಷಿ ಕೊಡುತ್ತದೆ.

ಉತ್ತರ 3: ಮೊದಲು ಲೈಸೆನ್ಸ್ ಮಾಡಿಸಿ. ರಾಜ್ಯದ ಫಿಶ್ ಅಂಡ್ ಬೋಟ್ ಕಮಿಷನ್ ನಿಯಮ ಓದಿ. ವಸಂತದಲ್ಲಿ ಗಂಡು ಮೀನು ಗೂಡಿನ ಮೊಟ್ಟೆ ಕಾಯುತ್ತಿರುತ್ತದೆ, ಆಗ ದಯವಿಟ್ಟು ಅದರ ತಂಟೆಗೆ ಹೋಗಬೇಡಿ. ಗಾಳದ ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿಬಿಟ್ಟರೆ ಮೀನನ್ನು ಬೇಗ ಬಿಡಿಸಬಹುದು.