ಪೋಕೆಮಾನ್ ಸಿಲ್ವರ್: ಹೊಸ ಸೆಲ್ ಹಾಕಿದ್ರೂ ಸೇವ್ ನಿಲ್ತಿಲ್ಲ (ಜೊತೆಗೆ ಗೇಮ್ ಗೇರ್ ಸೌಂಡೂ ಇಲ್ಲ)

ಅಟ್ಟದ_ಗೇಮರ್:
ಎಲ್ರಿಗೂ ನಮಸ್ಕಾರ. ಇಲ್ಲಿ ಇದು ನನ್ನ ಮೊದಲ್ನೇ ಪೋಸ್ಟು, ಏನಾದ್ರೂ ದಡ್ಡ ಪ್ರಶ್ನೆ ಕೇಳಿದ್ರೆ ಬೈಕೋಬೇಡಿ. ಹೋದ ತಿಂಗ್ಳು ಶ್ರೀನಗರದ ಹಳೇ ಮನೆ ಖಾಲಿ ಮಾಡ್ತಿದ್ವಿ, ಅಟ್ಟದ ಮೇಲೆ ಮಾವನ ಸೂಟ್‌ಕೇಸಲ್ಲಿ ಒಂದು ಸೆಗಾ ಗೇಮ್ ಗೇರು, ಅಕ್ಕನ ಗೇಮ್ ಬಾಯ್ ಕಲರು, ಅದರ ಜೊತೆ ಪೋಕೆಮಾನ್ ಸಿಲ್ವರ್ ಕಾರ್ಟ್ರಿಡ್ಜು ಸಿಕ್ತು. ಗೇಮ್ ಬಾಯ್ ಆನ್ ಆಯ್ತು, ಆದ್ರೆ ಅಕ್ಕನ ಸೇವ್ ಹೋಗಿದೆ, ಬರೀ ನ್ಯೂ ಗೇಮ್ ಅಂತ ತೋರ್ಸುತ್ತೆ. ಒಳಗಿರೋ ಸೆಲ್ ಸತ್ತಿರುತ್ತೆ ಅಂತ ಓದಿದ್ದೆ, ಅದಕ್ಕೆ 3.8 ಎಂಎಂ ಗೇಮ್‌ಬಿಟ್ (ಇಂಥ ಗೇಮ್‌ಗಳ ಸ್ಪೆಷಲ್ ಸ್ಕ್ರೂಗೆ ಆಗೋ) ಸ್ಕ್ರೂಡ್ರೈವರ್ ತರ್ಸಿ ಬಿಚ್ಚಿದೆ, ಹಳೇ ಸೆಲ್ಲನ್ನ ಕಟಿಂಗ್ ಪ್ಲೈಯರಲ್ಲಿ ಎಳೆದು ತೆಗ್ದೆ, ಹೊಸ ಸಿಆರ್2025 ತಂದು ಇನ್ಸುಲೇಷನ್ ಟೇಪ್ ಹಾಕಿ ಕೂರ್ಸಿದೆ. ಆಡ್ತಾ ಸೇವ್ ಆಗುತ್ತೆ, ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ನ್ಯೂ ಗೇಮ್. ಸೆಲ್ಲಲ್ಲಿ 3.1 ವೋಲ್ಟ್ ಇದೆ, ಮೀಟರಲ್ಲಿ ನೋಡಿದೀನಿ. ಪ್ಲಸ್ ಮೈನಸ್ಸೂ ಸರಿಯಾಗೇ ಇದೆ. ಇನ್ನೇನಿರ್ಬೋದು?

ಗೇಮ್ ಗೇರ್ ಕಥೆ ಬೇರೆ. ಆರು ಪೆನ್‌ಸೆಲ್ ಹಾಕಿದ್ರೆ ಆನ್ ಆಗುತ್ತೆ, ಚಿತ್ರ ಓರೆ ಹಿಡಿದು ನೋಡಿದ್ರೆ ಮಾತ್ರ ಮಬ್ಬು ಮಬ್ಬಾಗಿ ಕಾಣುತ್ತೆ, ಸೌಂಡು ಕಿವಿ ಇಟ್ಟು ಕೇಳಿದ್ರೆ ಸೊಳ್ಳೆ ಥರ.

ಬಿಟ್_ಬಸವ:
ಗುರು ಟೇಪೇ ಸಮಸ್ಯೆ. ಟೇಪ್ ಹಾಕಿದ್ರೆ ಎರಡು ದಿನ ನಡೆಯುತ್ತೆ, ಆಮೇಲೆ ಬಿಸಿಲಿಗೆ ಅಂಟು ಮೆತ್ತಗಾಗಿ ಸೆಲ್ ಜಾರುತ್ತೆ, ಕೆಳಗೆ ಒಂದ್ಸಲ ಬಿದ್ರೂ ಸಾಕು ಸೇವ್ ಗೋತಾ. ಟ್ಯಾಬ್ ಇರೋ ಸೆಲ್ ತಗೋ, ಅಂದ್ರೆ ಲೋಹದ ಪಟ್ಟಿ ಅಂಟಿಸಿರೋದು, ಬೆಂಗ್ಳೂರಿನ ಎಸ್.ಪಿ. ರೋಡಲ್ಲಿ (ಎಲೆಕ್ಟ್ರಾನಿಕ್ ಸಾಮಾನಿನ ಬೀದಿ) ಸಿಗುತ್ತೆ, ಕಾಲಿರೋ ಸೆಲ್ ಕೊಡಿ ಅಂದ್ರೆ ಅರ್ಥ ಆಗುತ್ತೆ ಅವ್ರಿಗೆ. ಚಿಕ್ಕಪೇಟೆ ಮೆಟ್ರೋ ಇಳ್ಕೊಂಡು ನಡ್ಕೊಂಡು ಹೋಗು, ಗಾಡಿ ತಗೊಂಡ್ ಹೋದ್ರೆ ಪಾರ್ಕಿಂಗ್ ಹುಡುಕೋದ್ರಲ್ಲೇ ಅರ್ಧ ದಿನ.

ಅಟ್ಟದ_ಗೇಮರ್:
ಶನಿವಾರ ಹೋಗಿದ್ದೆ ಬ್ರೋ. ಒಬ್ರು ಅಂಗಡಿಯವ್ರು ಟ್ಯಾಬ್ ಎಲ್ಲಾ ಯಾಕೆ, ಮಾಮೂಲಿ ಸೆಲ್ಲಿಗೇ ಇಲ್ಲೇ ಸೋಲ್ಡರ್ ಹಾಕ್ಕೊಡ್ತೀನಿ ಬಿಡಿ ಅಂದ್ರು. ಭಯ ಆಗಿ ವಾಪಸ್ ಬಂದೆ.

ಕಂಡೆನ್ಸರ್_ಮಾಮ:
ಬಂದಿದ್ದು ಒಳ್ಳೇದಾಯ್ತು ಕಣಪ್ಪ. ಲಿಥಿಯಂ ಸೆಲ್ ಮೈಮೇಲೆ ನೇರ ಐರನ್ ಇಡಬಾರ್ದು, ಒಳಗಿನ ಸೀಲ್ ಸುಟ್ಟು ಸೋರುತ್ತೆ, ಹಣೆಬರಹ ಕೆಟ್ಟಿದ್ರೆ ಮುಖಕ್ಕೇ ಸಿಡಿಯುತ್ತೆ. ಫ್ಯಾಕ್ಟ್ರೀಲಿ ಟ್ಯಾಬನ್ನ ಸ್ಪಾಟ್ ವೆಲ್ಡ್ ಮಾಡಿರ್ತಾರೆ, ಕಣ್ಣು ಮಿಟುಕಿಸೋಷ್ಟರಲ್ಲಿ ಮುಗಿಯೋ ಕೆಲ್ಸ ಅದು, ಬಿಸಿ ಒಳಗೆ ಇಳಿಯಲ್ಲ. ನಾವು ಸೋಲ್ಡರ್ ಮಾಡ್ಬೇಕಾಗಿರೋದು ಟ್ಯಾಬಿನ ತುದಿಗೆ ಮಾತ್ರ.

ಆದ್ರೆ ನಿನ್ನ ತೊಂದ್ರೆ ಟೇಪ್ ಒಂದೇ ಅಲ್ಲ ಅನ್ಸುತ್ತೆ. ಪ್ಲೈಯರಲ್ಲಿ ಎಳೆದೆ ಅಂದೆಯಲ್ಲ, ಅಲ್ಲೇ ನನಗೆ ಡೌಟು. ಸೆಲ್ ಮೇಲೆ 3.1 ಇದ್ರೆ ಏನ್ ಬಂತು, ಅದು ಮೆಮೊರಿ ಐಸಿವರೆಗೂ ಹೋಗ್ತಿದೆಯಾ ನೋಡು. ಕಾರ್ಟ್ರಿಡ್ಜ್ ಹೊರಗಿಟ್ಟು, ಮೀಟರ್ ಡಿಸಿ 20 ವೋಲ್ಟಲ್ಲಿಟ್ಟು, ಸೇವ್ ಇಟ್ಕೊಳ್ಳೋ ರ‍್ಯಾಮ್ ಐಸಿ ಹುಡುಕು, 28 ಕಾಲಿನದು. ಚುಕ್ಕೆ ಇರೋ ಕಡೆಯ ಮೂಲೆ ಕಾಲು 1, ಅದರ ಎದುರುಗಡೆ ಸಾಲಲ್ಲಿರೋದು 28, ಆ 28ಕ್ಕೆ ಮೂಲೆಯಿಂದ ಮೂಲೆಗೆ ಓರೆಯಾಗಿ ಇರೋದು 14. ಕೆಂಪು ಪ್ರೋಬ್ 28ಕ್ಕೆ, ಕಪ್ಪು 14ಕ್ಕೆ. ಸೆಲ್ಲಿಗಿಂತ ಒಂಚೂರು ಕಡಿಮೆ, ಎರಡೂವರೆ ಮೇಲೆ ಬರ್ಬೇಕು. ಕೈ ಅಲ್ಲಾಡ್ಸಿ ಪಕ್ಕದ ಕಾಲಿಗೆ ತಾಗ್ಸಬೇಡ ಮತ್ತೆ.

ಹಳದಿ_ಪಿಕಾ:
ಮಧ್ಯ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನನ್ನತ್ರ ಪೋಕೆಮಾನ್ ಯೆಲ್ಲೋ ಇದೆ, ಸ್ಕೂಲಲ್ಲಿದ್ದಾಗಿನ ಸೇವ್ ಇನ್ನೂ ಜೀವಂತ ಇದೆ. ಇವ್ರ ಸಿಲ್ವರ್ ಅದಕ್ಕಿಂತ ಹೊಸದು, ಅದು ಹೇಗೆ ಮೊದಲು ಹೋಯ್ತು? ನಾನೂ ಈಗಲೇ ಸೆಲ್ ಬದಲಾಯಿಸ್ಬೇಕಾ?

ಕಂಡೆನ್ಸರ್_ಮಾಮ:
ಒಳ್ಳೇ ಪ್ರಶ್ನೆ ಕೇಳಿದ್ರಿ ಮೇಡಂ. ಗೋಲ್ಡ್, ಸಿಲ್ವರ್, ಕ್ರಿಸ್ಟಲ್ ಮೂರರಲ್ಲೂ ಹಗಲು ರಾತ್ರಿ ಗಡಿಯಾರ ಇದೆ, ಅದು ಆಟ ಆಫ್ ಇದ್ರೂ ಅದೇ ಸೆಲ್ಲಿಂದ ಕರೆಂಟ್ ಹೀರ್ತಾ ಓಡ್ತಾನೇ ಇರುತ್ತೆ. ನಿಮ್ಮ ಯೆಲ್ಲೋನಲ್ಲಿ ಗಡಿಯಾರ ಇಲ್ಲ, ರ‍್ಯಾಮ್ ಹಿಡ್ಕೊಂಡಿರೋದಷ್ಟೇ ಕೆಲ್ಸ, ಅದಕ್ಕೆ ಬಾಳಿಕೆ ಜಾಸ್ತಿ. ಮುಂದೆ ಬಂದ ರೂಬಿ, ಸಫೈರ್, ಎಮರಾಲ್ಡಲ್ಲಿ ಸೇವ್ ಫ್ಲ್ಯಾಶ್ ಮೆಮೊರಿಗೆ ಹೋಯ್ತು, ಅವುಗಳಲ್ಲಿ ಸೆಲ್ ಸತ್ರೆ ಗಡಿಯಾರ ನಿಲ್ಲುತ್ತೆ ಅಷ್ಟೇ, ಸೇವ್ ಹೋಗಲ್ಲ.

ನೀವು ಸೆಲ್ ಮುಟ್ಟೋಕೆ ಮುಂಚೆ ಸೇವನ್ನ ಕಂಪ್ಯೂಟರಿಗೆ ತೆಗೆದಿಟ್ಕೊಳ್ಳಿ. ಜಿಬಿಎಕ್ಸ್‌ಕಾರ್ಟ್ ಥರದ ಯುಎಸ್‌ಬಿ ಡಂಪರ್ ಯಾರಾದ್ರೂ ಗೆಳೆಯರತ್ರ ಇದ್ರೆ ಅರ್ಧ ಗಂಟೆ ಕೆಲ್ಸ. ಕನ್ಸೋಲ್ ಆನ್ ಇಟ್ಕೊಂಡೇ ಸೆಲ್ ಬದಲಾಯಿಸೋ ವಿಡಿಯೋಗಳು ನೋಡಿರ್ತೀರ, ಮಾಡೋರು ಮಾಡ್ತಾರೆ, ಕೈ ನಡುಗಿದ್ರೆ ಇಪ್ಪತ್ತು ವರ್ಷದ ಪಿಕಾಚು ಒಂದೇ ಸೆಕೆಂಡಲ್ಲಿ ಹೋಗುತ್ತೆ. ಸೆಲ್ ನಂಬರನ್ನೂ ಇಂಟರ್ನೆಟ್ಟಲ್ಲಿ ನೋಡಿ ತರಬೇಡಿ, ಹಳೇ ಸೆಲ್ ಮೇಲೆ ಏನು ಬರ್ದಿದೆಯೋ ಅದೇ ತನ್ನಿ. ಮೊದಲ ಎರಡಂಕಿ ಅಗಲ ಎಷ್ಟು ಎಂಎಂ ಅಂತ, ಕೊನೇ ಎರಡು ದಪ್ಪ. 2025 ಅಂದ್ರೆ 20 ಎಂಎಂ ಅಗಲ, ಎರಡೂವರೆ ಎಂಎಂ ದಪ್ಪ. 1616 ಅಂದ್ರೆ ಅದಕ್ಕಿಂತ ಪುಟ್ಟದು, ಕೆಪಾಸಿಟಿನೂ ಕಡಿಮೆ.

ಅಟ್ಟದ_ಗೇಮರ್:
ಸರ್ ನೋಡಿದೆ. ಸೆಲ್ ಮೇಲೆ 3.1, ಐಸಿ 28ಕ್ಕೂ 14ಕ್ಕೂ ಮಧ್ಯ 0.3!! ಮೂರು ಸಲ ನೋಡಿದೆ.

ಬಿಟ್_ಬಸವ:
ಸಿಕ್ತು ಬಿಡು ಹಾಗಾದ್ರೆ. ಸೆಲ್ ಪ್ಲಸ್ಸಿಂದ ಒಂದು ವೈರ್ ತಗೊಂಡು ನೇರ ಐಸಿ 28ಕ್ಕೆ ಕೊಟ್ಬಿಡು, ಕಥೆ ಮುಗೀತು.

ಕಂಡೆನ್ಸರ್_ಮಾಮ:
ಬಸವಾ, ನಿಲ್ಲಪ್ಪಾ ನಿಲ್ಲು!! ಅಟ್ಟದ ಗೇಮರ್, ಅದನ್ನ ಮಾಡ್ಬೇಡ.

ಗೇಮ್ ಬಾಯ್ ಆನ್ ಆದಾಗ ಕಾರ್ಟ್ರಿಡ್ಜಿಗೆ 5 ವೋಲ್ಟ್ ಬರುತ್ತೆ, ಐಸಿ 28ನೇ ಕಾಲಲ್ಲೂ ಆಗ 5 ವೋಲ್ಟೇ. ಸೆಲ್ಲನ್ನ ನೇರ ಅಲ್ಲಿಗೆ ಕೊಟ್ರೆ ಆ 5 ವೋಲ್ಟು ಹಿಂದಕ್ಕೆ ಹೋಗಿ 3 ವೋಲ್ಟಿನ ಸೆಲ್ಲನ್ನ ಚಾರ್ಜ್ ಮಾಡೋಕೆ ಶುರು ಮಾಡುತ್ತೆ. ಸಿಆರ್ ಅಂತ ಇರೋ ಸೆಲ್ ಚಾರ್ಜ್ ಮಾಡೋ ಸೆಲ್ ಅಲ್ಲ, ಬಿಸಿ ಆಗಿ ಉಬ್ಬುತ್ತೆ, ಒಡೆಯುತ್ತೆ. ಅದಕ್ಕೇ ಮಧ್ಯದಲ್ಲಿ ಒಂದು ರೆಸಿಸ್ಟರು, ಹಿಂದಕ್ಕೆ ಹರೀದ ಹಾಗೆ ತಡೆಯೋ ಪುಟ್ಟ ಐಸಿ ಇಟ್ಟಿರ್ತಾರೆ, ಕೆಲವು ಬೋರ್ಡಲ್ಲಿ ಬರೀ ಡಯೋಡ್. ಅದನ್ನ ದಾಟಿ ವೈರ್ ಎಳೆದ್ರೆ ಕಾವಲುಗಾರನ್ನ ಮನೆಗೆ ಕಳ್ಸಿ ಬಾಗಿಲು ತೆಗೆದಿಟ್ಟ ಹಾಗೆ.

ಇದೇ ತಪ್ಪನ್ನ ಡ್ರೀಮ್‌ಕಾಸ್ಟಲ್ಲಿ ತಿರುಗಾ ಮುರುಗಾ ಮಾಡ್ತಾರೆ. ಅದ್ರಲ್ಲಿರೋದು ಎಂಎಲ್2032, ಚಾರ್ಜ್ ಆಗೋ ಸೆಲ್ಲು, ಕನ್ಸೋಲೇ ಚಾರ್ಜ್ ಮಾಡುತ್ತೆ. ಸೈಜ್ ಒಂದೇ ಅಂತ ಸಿಆರ್2032 ಹಾಕಿದ್ರೆ ಅಪಾಯ.

ಈಗ ನಿನ್ನ ಬೋರ್ಡಿಗೆ ಬರೋಣ. ಸೆಲ್ ಪ್ಲಸ್ ಕೂರೋ ಪ್ಯಾಡನ್ನ, ಅಂದ್ರೆ ಬೋರ್ಡ್ ಮೇಲಿನ ತಾಮ್ರದ ಬಿಲ್ಲೆನ, ಲೈಟ್ ಓರೆಯಾಗಿ ಬಿಟ್ಟು ನೋಡು. ಎದ್ದು ಬಂದಿದ್ಯಾ?

ಅಟ್ಟದ_ಗೇಮರ್:
ಹೌದು ಸರ್, ಮೊಬೈಲ್ ಟಾರ್ಚಲ್ಲಿ ನೋಡಿದೆ. ಪ್ಯಾಡ್ ಒಂದು ಅಂಚಲ್ಲಿ ಮಾತ್ರ ಅಂಟ್ಕೊಂಡಿದೆ, ಬಾಳೆಲೆ ತುದಿ ಮಡಚಿದ ಹಾಗೆ ಮೇಲೆದ್ದಿದೆ, ಅದರಿಂದ ಹೋಗೋ ಸಣ್ಣ ತಾಮ್ರದ ಗೆರೆ ಕಟ್ ಆಗಿದೆ. ನಂದೇ ತಪ್ಪು.

ಬಿಟ್_ಬಸವ:
ಸಾರಿ ಮಾಮ, 5 ವೋಲ್ಟ್ ವಿಷ್ಯ ತಲೆಗೇ ಹೋಗ್ಲಿಲ್ಲ. ನನ್ನ ಒಂದು ಕಾರ್ಟಲ್ಲಿ ಹಾಗೇ ಮಾಡಿದೀನಿ, ಇವತ್ತು ರಾತ್ರಿನೇ ಬಿಚ್ತೀನಿ.

ಕಂಡೆನ್ಸರ್_ಮಾಮ:
ಮೊದ್ಲು ಅದನ್ನ ಬಿಚ್ಚು.

ಅಟ್ಟದ ಗೇಮರ್, ಆ ಕಟ್ ಆದ ಗೆರೆ ಎಲ್ಲಿಗೆ ಹೋಗುತ್ತೆ ಅಂತ ಭೂತಗನ್ನಡಿ ಇಟ್ಕೊಂಡು ಫಾಲೋ ಮಾಡು. ಮೊದಲು ಸಿಗೋ ರೆಸಿಸ್ಟರ್ ಇದ್ಯಲ್ಲ, ಅದರ ಸೆಲ್ ಕಡೆಯ ಕಾಲಿಗೆ ಹೊಸ ಸೆಲ್ಲಿನ ಪ್ಲಸ್ ಟ್ಯಾಬಿಂದ ಒಂದು 30 ಗೇಜ್ ಸಣ್ಣ ವೈರ್. ಅದರಿಂದ ಮುಂದಕ್ಕೆ ಕೈ ಹಾಕ್ಬೇಡ. ಪ್ಯಾಡನ್ನ ಕಿತ್ತು ಬಿಸಾಕ್ಬೇಡ, ಒಂದು ಹನಿ ಎಪಾಕ್ಸಿ ಹಾಕಿ ಒತ್ತಿ ಕೂರ್ಸು, ಸೆಲ್ ಅಲ್ಲಾಡದ ಹಾಗೆ ಹಿಡ್ಕೊಳ್ಳೋಕಾದ್ರೂ ಬೇಕು. ಐರನ್ ಯಾವ್ದಿದೆ?

ಅಟ್ಟದ_ಗೇಮರ್:
ಅಪ್ಪನ ಹಳೇ ಸೋಲ್ಡ್ರಾನ್ 25 ವಾಟ್ ಇದೆ ಸರ್.

ಕಂಡೆನ್ಸರ್_ಮಾಮ:
ಧಾರಾಳ ಸಾಕು. ನನ್ನ ಅಂಗಡಿ ರಾಜಾಜಿನಗರದಲ್ಲಿದ್ದಾಗ ಅರ್ಧ ಬೆಂಗ್ಳೂರಿನ ಟೀವಿ ಗೇಮು ಅಂಥದ್ರಲ್ಲೇ ರಿಪೇರಿ ಮಾಡಿದ್ದು. ಆಗೆಲ್ಲ ಬೇಸಿಗೆ ರಜ ಬಂತಂದ್ರೆ ಸಾಕು, ಕಾಂಟ್ರಾ ಆಡ್ತಾ ಆಡ್ತಾ ಆಫ್ ಆಗ್ಹೋಯ್ತು ಅಂಕಲ್ ಅಂತ ಹುಡುಗ್ರು ಸಾಲಾಗಿ ನಿಂತಿರೋರು, ಬಿಚ್ಚಿದ್ರೆ ಒಳಗೆ ವೋಲ್ಟೇಜ್ ಇಳಿಸೋ 7805 ರೆಗ್ಯುಲೇಟರ್ ಬೆಂದು ಹೋಗಿರೋದು, ಇಲ್ಲಾ ಅಡಾಪ್ಟರ್ ಪಿನ್ ಪ್ಲಸ್ ಮೈನಸ್ ಉಲ್ಟಾ ಇರೋದು.

ಗೇಮ್ ಗೇರಿಗೆ ಬರ್ತೀನಿ. ಅದು ಕಂಡೆನ್ಸರ್ರೇ, ಈಗಿನವ್ರು ಕೆಪಾಸಿಟರ್ ಅಂತೀರ. 1990ರಲ್ಲಿ ಬಂದ ಸೆಟ್ಟು, ಅದ್ರಲ್ಲಿ ಹಾಕಿದ್ದ ಪುಟ್ಟ ಸರ್ಫೇಸ್ ಮೌಂಟ್ ಎಲೆಕ್ಟ್ರೋಲಿಟಿಕ್‌ಗಳು ಹೆಚ್ಚುಕಮ್ಮಿ ಎಲ್ಲಾ ಸೆಟ್ಟಲ್ಲೂ ಸೋರಿವೆ. ಒಳಗೆ ಮೂರು ಬೋರ್ಡು: ಸೌಂಡ್ ಬೋರ್ಡ್ ಸೋರಿದ್ರೆ ಸೌಂಡ್ ಹೋಗುತ್ತೆ, ಮೇನ್ ಬೋರ್ಡ್ ಸೋರಿದ್ರೆ ಚಿತ್ರ ಮಬ್ಬು, ಪವರ್ ಬೋರ್ಡ್ ಹೋದ್ರೆ ಆನ್ ಆಗಿ ಪಕ್ಕ ಅಂತ ಆಫ್. ನಿನಗೆ ಮೊದಲ್ನೇ ಎರಡೂ ಆಗಿದೆ, ಮೂರನ್ನೂ ಬದಲಾಯಿಸ್ಬಿಡು, ಮತ್ತೆ ಮತ್ತೆ ಬಿಚ್ಚೋ ಸೆಟ್ಟಲ್ಲ ಅದು. ಬಿಚ್ಚೋಕೆ ಮಾಮೂಲಿ ಸ್ಟಾರ್ ಸ್ಕ್ರೂ ಜೊತೆ ಒಂದು 4.5 ಎಂಎಂ ಗೇಮ್‌ಬಿಟ್ ಸ್ಕ್ರೂ ಇರುತ್ತೆ, ನಿನ್ನ 3.8 ಅದಕ್ಕೆ ಆಗಲ್ಲ. ಸ್ಕ್ರೀನ್ ಹಿಂದೆ ಇರೋದು ಟ್ಯೂಬ್‌ಲೈಟ್ ಥರದ ಬ್ಯಾಕ್‌ಲೈಟು, ಅದಕ್ಕೆ ಹೈ ವೋಲ್ಟೇಜ್ ಹೋಗುತ್ತೆ, ಆನ್ ಇರುವಾಗ ಆ ಕಡೆ ಬೆರಳು ಬೇಡ.

ಬೋರ್ಡಲ್ಲಿ ಬೇರೆ ಬೇರೆ ವರ್ಷನ್ ಇದೆ, ಅದಕ್ಕೆ ಕಂಡೆನ್ಸರ್ ಕಿಟ್ ಆರ್ಡರ್ ಮಾಡೋಕೆ ಮುಂಚೆ ಬಿಚ್ಚಿ ಫೋಟೋ ತೆಗಿ, ಒಂದೊಂದರ ಮೈಕ್ರೋ ಫ್ಯಾರಡ್ಡೂ ವೋಲ್ಟೂ ಬರ್ಕೋ. ಮೈಕ್ರೋ ಫ್ಯಾರಡ್ ಅಷ್ಟೇ ಇರ್ಬೇಕು, ವೋಲ್ಟ್ ಜಾಸ್ತಿ ಇದ್ರೆ ಪರ್ವಾಗಿಲ್ಲ, ಕಡಿಮೆ ಮಾತ್ರ ಬೇಡ. 105 ಡಿಗ್ರಿ ಬಿಸಿ ತಡೆಯೋದು ತಗೋ.

ಬಿಟ್_ಬಸವ:
ಹಳೇದು ತೆಗೆಯೋಕೆ ಪ್ಲೈಯರಲ್ಲಿ ಹಿಡ್ದು ನಿಧಾನ ತಿರುವಿದ್ರೆ ಕಾಲು ಮುರ್ಕೊಂಡು ಬರುತ್ತೆ, ನಾನು ಹಾಗೇ ಮಾಡೋದು, ಒಂದು ಪ್ಯಾಡೂ ಕಿತ್ತಿಲ್ಲ.

ಕಂಡೆನ್ಸರ್_ಮಾಮ:
ಕಿತ್ತಿಲ್ಲ ಅಂದ್ರೆ ನಿನ್ನ ಬೋರ್ಡ್ ಸೋರಿರ್ಲಿಲ್ಲ ಅಂತ. ಆ ನೀರು ಪ್ಯಾಡ್ ಅಡಿಗೆ ಇಳಿದು ಅಂಟು ತಿಂದಿರುತ್ತೆ, ತಿರುವಿದ್ರೆ ಪ್ಯಾಡೂ ಜೊತೆಗೇ ಬರುತ್ತೆ, ಈ ಹುಡುಗ ಈಗಾಗ್ಲೇ ಒಂದು ಎಬ್ಬಿಸಿದಾನೆ. ಎರಡೂ ಕಾಲಿಗೆ ಹೊಸ ಲೆಡ್ ಧಾರಾಳವಾಗಿ ಹಾಕಿ, ಒಂದಾದ್ಮೇಲೊಂದು ಬಿಸಿ ಮಾಡ್ತಾ ಮಾಡ್ತಾ ಅಲುಗಿಸಿದ್ರೆ ತಾನಾಗೇ ಎದ್ದು ಬರುತ್ತೆ. ಎರಡು ಐರನ್ ಇದ್ರೆ ಇನ್ನೂ ಸುಲಭ. ಬಿಸಿ ತಾಗಿದಾಗ ಮೀನು ವಾಸ್ನೆ ಬಂತಾ, ಅದು ಸೋರಿದೆ ಅಂತ್ಲೇ. ಮನೇಲಿ ಶುದ್ಧ ಸಸ್ಯಾಹಾರಿಗಳಿದ್ರೆ ಮೊದಲೇ ಹೇಳಿಡು, ನಮ್ಮ ಮನೇಲಿ ಒಂದ್ಸಲ ದೊಡ್ಡ ಗಲಾಟೆ ಆಗಿತ್ತು.

ತೆಗೆದ ತಕ್ಷಣ ಹೊಸದು ಹಾಕ್ಬೇಡ. ಹಳೇ ಹಲ್ಲುಜ್ಜೋ ಬ್ರಷ್ಷು, ಐಸೋಪ್ರೊಪೈಲ್ ಆಲ್ಕೋಹಾಲ್, ಚೆನ್ನಾಗಿ ಉಜ್ಜಿ ತೊಳಿ, ಒಣಗ್ಸು, ಪ್ಯಾಡ್ ಹೊಳೆಯೋವರ್ಗೂ. ಇದನ್ನ ಮಾಡ್ದೇ ಹೊಸ ಕಂಡೆನ್ಸರ್ ಹಾಕೋರೇ ಆರು ತಿಂಗ್ಳಾದ್ಮೇಲೆ ಟ್ರೇಸ್ (ತಾಮ್ರದ ಗೆರೆ) ತಿಂದು ಹೋಯ್ತು ಅಂತ ಬರೋದು. ಇನ್ನೊಂದು, ಅಲ್ಯೂಮಿನಿಯಂ ಡಬ್ಬಿ ಥರದ್ದರಲ್ಲಿ ಪಟ್ಟಿ ಇರೋ ಕಡೆ ಮೈನಸ್. ಅದೇ ಟ್ಯಾಂಟಲಮ್ ಅನ್ನೋ ಇನ್ನೊಂದು ಥರದ ಕಂಡೆನ್ಸರ್ ತಂದ್ರೆ ಪಟ್ಟಿ ಇರೋ ಕಡೆ ಪ್ಲಸ್. ಟ್ಯಾಂಟಲಮ್ ಉಲ್ಟಾ ಹಾಕಿದ್ರೆ ಪಟಾಕಿ.

ಹಳದಿ_ಪಿಕಾ:
ನನ್ನ ಅಣ್ಣ ಅಮೆರಿಕಾದಿಂದ ಸೂಪರ್ ನಿಂಟೆಂಡೊ ತರ್ತಿದಾರೆ, ಅದಕ್ಕೂ ಇದೆಲ್ಲಾ ಮಾಡ್ಬೇಕಾ ಸರ್?

ಕಂಡೆನ್ಸರ್_ಮಾಮ:
ಅದು ಆಮೇಲೆ ನೋಡೋಣ ಮೇಡಂ, ಮೊದಲು ಅದರ ಜೊತೆ ಬರೋ ಅಡಾಪ್ಟರನ್ನ ನಮ್ಮ ಗೋಡೆಗೆ ಚುಚ್ಚಬೇಡಿ. ಅದು 120 ವೋಲ್ಟಿಂದು, ನಮ್ದು 230. ಸ್ಟೆಪ್ ಡೌನ್ ಟ್ರಾನ್ಸ್‌ಫಾರ್ಮರ್ ತಗೊಳ್ಳಿ.

ಅಟ್ಟದ_ಗೇಮರ್:
ಅಪ್‌ಡೇಟ್. ಟ್ಯಾಬ್ ಸೆಲ್ ಸಿಕ್ತು, ರೆಸಿಸ್ಟರಿಗೆ ವೈರ್ ಹಾಕಿದೆ, ಕೂದಲಷ್ಟು ಸಣ್ಣ ವೈರು, ಎರಡು ಸಲ ಬಿಟ್ಕೊಂಡು ಮೂರನೇ ಸಲ ಕೂತ್ಕೊಳ್ತು. 28ನೇ ಕಾಲಲ್ಲಿ ಈಗ 2.8. ಟೋಟೋಡೈಲ್ ತಗೊಂಡು ಸೇವ್ ಮಾಡಿ ನಾಲ್ಕು ದಿನ ಡ್ರಾಯರಲ್ಲಿಟ್ಟಿದ್ದೆ, ಇವತ್ತು ಕಂಟಿನ್ಯೂ ಬಂತು!! ಅಕ್ಕನಿಗೆ ಫೋಟೋ ಕಳ್ಸಿದೆ, ನನ್ನ ಲೆವೆಲ್ ಎಪ್ಪತ್ತರ ಟೈಫ್ಲೋಷನ್ ಎಲ್ಲಿ ಅಂತ ಕೇಳಿದ್ಲು, ಉತ್ತರ ಕೊಟ್ಟಿಲ್ಲ ಇನ್ನೂ.

ಗೇಮ್ ಗೇರ್ ಸೌಂಡ್ ಬೋರ್ಡ್ ಮುಗೀತು, ಮೀನು ವಾಸ್ನೆ ನಿಜ ಸರ್, ಅಮ್ಮ ಊದುಬತ್ತಿ ಹಚ್ಚಿದ್ರು. ಸೌಂಡು ಈಗ ಹಾಲಿಂದ ಅಡುಗೆಮನೆಗೆ ಕೇಳುತ್ತೆ. ಮೇನ್ ಬೋರ್ಡ್ ಮುಂದಿನ ವಾರ, ಕೈ ಇನ್ನೊಂಚೂರು ಪಳಗ್ಲಿ.

ಕಂಡೆನ್ಸರ್_ಮಾಮ:
ಶಭಾಷ್. ಮುಂದಿನ ವಾರದವರೆಗೂ ಗೇಮ್ ಗೇರಲ್ಲಿ ಆ ಆರು ಪೆನ್‌ಸೆಲ್ ಬಿಟ್ಟಿಲ್ಲ ತಾನೆ?

ಅಟ್ಟದ_ಗೇಮರ್:
ಈಗ ತೆಗ್ದೆ ಸರ್.