ಒಂದೇ ವರ್ಷದಲ್ಲಿ 287, 46: ಚಿನ್ನಸ್ವಾಮಿ ಪಿಚ್‌ನ ನಿಜವಾದ ಗುಣ ಯಾವುದು?

ಮೂರನೇ ಸ್ಲಿಪ್:
2024ರ ಏಪ್ರಿಲ್‌ನಲ್ಲಿ ಐಪಿಎಲ್ ಟಿ20 ಪಂದ್ಯದಲ್ಲಿ ಹೈದರಾಬಾದ್ ತಂಡ ಇಲ್ಲಿ ಆರ್‌ಸಿಬಿ ಎದುರು 3 ವಿಕೆಟ್‌ಗೆ 287 ಬಾರಿಸಿತು. ಅಕ್ಟೋಬರ್‌ನಲ್ಲಿ ಅದೇ ಮೈದಾನದಲ್ಲಿ ನ್ಯೂಜಿಲೆಂಡ್ ಎದುರಿನ ಟೆಸ್ಟ್‌ನಲ್ಲಿ ಭಾರತ 46ಕ್ಕೆ ಆಲೌಟ್. ಹಾಗಾದರೆ ಇದು ಬ್ಯಾಟ್ಸ್‌ಮನ್‌ಗಳ ಪಿಚ್ಚೋ ಬೌಲರ್‌ಗಳದ್ದೋ? ಇನ್ನೊಂದು ಅನುಮಾನ: ನೀರು ಹೀರುವ ಸಬ್‌ಏರ್ ಇದ್ದೂ ಪಿಚ್‌ನಲ್ಲಿ ತೇವ ಉಳಿದದ್ದು ಹೇಗೆ?

ರೋಲರ್:
ಎರಡನೆಯದನ್ನೇ ಮೊದಲು ಹೇಳುತ್ತೇನೆ, ತುಂಬಾ ಜನ ಎಡವುವುದು ಅಲ್ಲೇ. ಸಬ್‌ಏರ್ ಕೆಲಸ ಮಾಡುವುದು ಔಟ್‌ಫೀಲ್ಡ್‌ಗೆ, ಅಂದರೆ ಪಿಚ್ ಸುತ್ತಲಿನ ಹುಲ್ಲಿನ ಮೈದಾನಕ್ಕೆ ಮಾತ್ರ. ಹುಲ್ಲಿನ ಕೆಳಗೆ ಮರಳು, ಅದರ ಕೆಳಗೆ ತೂತಿನ ಪೈಪುಗಳು. ಯಂತ್ರ ಪೈಪಿನೊಳಗಿನ ಗಾಳಿಯನ್ನು ಎಳೆದಾಗ ಮರಳಿನ ನೀರೂ ಕೆಳಗಿಳಿಯುತ್ತದೆ. 2015ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ಟೆಸ್ಟ್‌ನಲ್ಲಿ ಮಳೆಯಿಂದಾಗಿ ಮೊದಲ ದಿನ ಬಿಟ್ಟರೆ ಆಟವೇ ನಡೆಯಲಿಲ್ಲ. ಈ ವ್ಯವಸ್ಥೆ ಬಂದದ್ದು ಅದಾದ ಮೇಲೆ, 2017ರಲ್ಲಿ.

ಪಿಚ್ ಅಂದರೆ ರೋಲರ್ ಉರುಳಿಸಿ ಗಟ್ಟಿ ಮಾಡಿದ ಜೇಡಿಮಣ್ಣು. ಅದರಲ್ಲಿ ನೀರು ಇಳಿಯುವಷ್ಟು ಸಂದು ಇರುವುದಿಲ್ಲ. ತೇವ ಹೋಗಬೇಕಾದರೆ ಮೇಲಕ್ಕೇ ಹೋಗಬೇಕು, ಬಿಸಿಲಿಗೆ, ಗಾಳಿಗೆ. ಹೊದಿಕೆ ಮುಚ್ಚಿಟ್ಟರೆ ಒಳಗಿನ ತೇವ ಮೇಲ್ಪದರಕ್ಕೆ ಬಂದು ಅಲ್ಲೇ ಕೂರುತ್ತದೆ. ನ್ಯೂಜಿಲೆಂಡ್ ಟೆಸ್ಟ್‌ನ ಮೊದಲ ದಿನ ಪೂರ್ತಿ ಮಳೆಗೆ ಹೋಗಿತ್ತು. ಮರುದಿನ ಟಾಸ್ ಗೆದ್ದ ಭಾರತ ಬ್ಯಾಟಿಂಗ್ ಆರಿಸಿಕೊಂಡಿತು. ಮೆತ್ತಗಿನ ಮೇಲ್ಪದರಕ್ಕೆ ಹೊಸ ಚೆಂಡಿನ ಸೀಮ್ (ಹೊಲಿಗೆ) ಕಚ್ಚಿತು: ನ್ಯೂಜಿಲೆಂಡ್ ವೇಗಿಗಳಾದ ಮ್ಯಾಟ್ ಹೆನ್ರಿ 15 ರನ್‌ಗೆ 5 ವಿಕೆಟ್, ಓರೂರ್ಕ್ 22ಕ್ಕೆ 4.

ಕವರ್ ಡ್ರೈವ್:
ಮೋಡದಿಂದ ಸ್ವಿಂಗ್ ಆಯಿತು ಎಂದಷ್ಟೇ ಹೇಳುವವರಿದ್ದಾರೆ, ಪೂರ್ತಿ ಒಪ್ಪಲಾರೆ. ಪಿಚ್ ಒಣಗಿದ ಮೇಲೆ ಅದರ ಮೇಲೆಯೇ ನ್ಯೂಜಿಲೆಂಡ್ 402, ಭಾರತ 462 ಮಾಡಿದವು. ಆದರೂ 3 ವಿಕೆಟ್‌ಗೆ 408 ಇದ್ದ ಭಾರತ, ಎರಡನೇ ಹೊಸ ಚೆಂಡಿನ ಎದುರು ಉಳಿದ 7 ವಿಕೆಟ್‌ಗಳನ್ನು 54 ರನ್‌ಗೆ ಕಳೆದುಕೊಂಡಿತು. ಹೊಸ ಚೆಂಡನ್ನು ದಾಟಿಸಿಕೊಂಡರೆ ಇಲ್ಲಿ ರನ್ ಇದೆ.

ಟಿ20 ಲೆಕ್ಕ ಬೇರೆ. ಬೌಂಡರಿ ಚಿಕ್ಕದು, ಔಟ್‌ಫೀಲ್ಡ್ ವೇಗದ್ದು. ಊರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಗಾಳಿ ಶೇ 8ರಷ್ಟು ತೆಳು, ಎತ್ತಿ ಹೊಡೆದ ಚೆಂಡಿಗೆ ತಡೆ ಕಡಿಮೆ. ಬೇರೆಡೆ ಬೌಂಡರಿ ಬಳಿ ಕ್ಯಾಚ್ ಆಗುವ ಹೊಡೆತ ಇಲ್ಲಿ ಸಿಕ್ಸರ್.

ಸಿಲ್ಲಿ ಪಾಯಿಂಟ್:
ಸ್ಪಿನ್ ಮರೆತಿರಿ! ಈ ನೆಲದ ಗುಣ ತಿಳಿಯಬೇಕಾದರೆ 1987ರ ಪಾಕಿಸ್ತಾನ ಟೆಸ್ಟ್ ನೋಡಿ. ಸ್ಪಿನ್ನರ್ ಮಣಿಂದರ್ 27ಕ್ಕೆ 7, ಪಾಕಿಸ್ತಾನ 116. ಕೊನೆಯ ಇನಿಂಗ್ಸ್‌ನಲ್ಲಿ ಗಾವಸ್ಕರ್ 96 ಹೊಡೆದರೂ ಭಾರತ 16 ರನ್‌ಗಳಿಂದ ಸೋತಿತು. ತಿರುಗುವ ಪಿಚ್‌ನಲ್ಲಿ ಹೇಗೆ ಆಡಬೇಕು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. 2017ರ ಆಸ್ಟ್ರೇಲಿಯಾ ಟೆಸ್ಟ್‌ನಲ್ಲೂ ಸ್ಪಿನ್ನರ್‌ಗಳದ್ದೇ ಆಟ: ಅವರ ಲಯನ್ 50ಕ್ಕೆ 8, ನಮ್ಮ ಅಶ್ವಿನ್ 41ಕ್ಕೆ 6.

ಮೂರನೇ ಸ್ಲಿಪ್:
ಮಳೆ ನಿಂತ ಮೇಲೆ ಟಾಸ್ ಗೆದ್ದರೆ ಏನು ನೋಡಬೇಕು?

ರೋಲರ್:
ಗುಡ್ ಲೆಂತ್ ಜಾಗದಲ್ಲಿ, ಅಂದರೆ ಒಳ್ಳೆಯ ಎಸೆತ ನೆಲಕ್ಕೆ ಬೀಳುವ ಕಡೆ, ಹೆಬ್ಬೆರಳು ಒತ್ತಿ ನೋಡಿ. ಗುರುತು ಕೂತರೆ, ಇಲ್ಲವೇ ಅಲ್ಲಲ್ಲಿ ಕಪ್ಪು ತೇಪೆ ಕಂಡರೆ, ಬೌಲಿಂಗ್ ಆರಿಸಿ. ಹುಲ್ಲಿನ ಬಣ್ಣವೊಂದನ್ನೇ ನಂಬಬೇಡಿ. ಹುಲ್ಲು ಕಡಿಮೆಯಿದ್ದರೂ ಅಡಿಯಲ್ಲಿ ತೇವ ಇರಬಹುದು. ಹೊದಿಕೆ ಎಷ್ಟು ಹೊತ್ತು ಮುಚ್ಚಿತ್ತು, ತೆಗೆದ ಮೇಲೆ ಎಷ್ಟು ಹೊತ್ತು ಬಿಸಿಲು ಬಿತ್ತು ಎಂದು ಪಿಚ್ ಸಿಬ್ಬಂದಿಯನ್ನು ಕೇಳಿ ತಿಳಿದುಕೊಳ್ಳಿ.